ನೀ, ಇಲ್ಲ, ಅವ್ವ

ಕೆಂಪು ಪೆನ್ನು ನಿಂತುಹೋಗಿತ್ತು. ಮಹಾನಂದಾ ಅದನ್ನು ಅಂಗೈಗೆ ತಿಕ್ಕಿದಳು, ತುದಿಗೆ ಊದಿದಳು, ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗರಗರ ಗೀಚಿದಳು. ಬಣ್ಣ ಬರಲಿಲ್ಲ, ಕಾಗದ ಹರಿಯಿತು. ಪಕ್ಕದಲ್ಲಿ ದಾರಕ್ಕೆ ನೇತಾಡುತ್ತಿದ್ದ ಹಸಿರು ಪೆನ್ನಿಗೇನು ಧಾಡಿ, ಅದಕ್ಕೆ ದುಡಿಮೆಯೇ ಕಡಿಮೆ. ನೂರಾ ಹದಿಮೂರನೇ ದಿನದ ಚೌಕ ಖಾಲಿ ಉಳಿಯಿತು. ಖಾಲಿ ಉಳಿಯಬಾರದು ಎಂಬುದೇ ಈ ಇಡೀ ಕಟ್ಟಳೆಯ ಮೂಲಮಂತ್ರವಂತೆ. ಹಾಗಂತ ಹೇಳಿದವನು ಮೈದುನ ಪ್ರವೀಣಕುಮಾರ. ಜಹೀರಾಬಾದ್ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಕೋಚಿಂಗ್ ಸೆಂಟರು. ಹತ್ತನೇ ಕ್ಲಾಸು ಫೇಲಾದ ಹುಡುಗರನ್ನು ಕೂಡಿಸಿಕೊಂಡು, ದಿನಕ್ಕೆ ಒಂದು ಪರ್ಸೆಂಟು ಸುಧಾರಿಸಿದರೆ ವರ್ಷಕ್ಕೆ ಎಷ್ಟು ಪಟ್ಟು ಆಗುತ್ತದೆಂದು ಬೋರ್ಡಿನ ಮೇಲೆ ಗುಣಾಕಾರ ಮಾಡಿ ತೋರಿಸುತ್ತಾನೆ. ಜನವರಿಯಲ್ಲಿ ಅಣ್ಣ ಶಿವಶಂಕರಪ್ಪ ಅವರನ್ನು ಹೈದರಾಬಾದಿನ ಆಸ್ಪತ್ರೆಯಿಂದ ಮನೆಗೆ ತಂದ ಮರುದಿನವೇ ಈ ಕ್ಯಾಲೆಂಡರು, ಸರಿಗೆ ಹಸಿರು, ತಪ್ಪಿಗೆ ಕೆಂಪು ಎಂದು ಈ ಎರಡು ಪೆನ್ನು ಹಿಡಿದುಕೊಂಡು ಬಂದಿದ್ದ. "ವೈನಿ, ದೊಡ್ಡದೇನೂ ಮಾಡಾಕ ಹೋಗಬ್ಯಾಡ್ರಿ. ದಿನಾ ಹತ್ತೇ ನಿಮಿಷ. ಅಣ್ಣನ ಪೂಜಾ ಆದಕೂಡ್ಲೇ, ಚಹಾಕ್ಕಿಂತ ಮೊದಲ. ಹಳೇ ಚಟಕ್ಕ ಹೊಸಾ ಚಟ ಗಂಟು ಹಾಕ್ರಿ, ತಾನೇ ನಡೀತದ. ಒಂದಿನ ಭೀ ತಪ್ಪಬಾರದು. ಹನಿಗೂಡಿದರ ಹಳ್ಳ ಅಂತಾರಲ್ಲ?" ಜೂನ್ ಹನ್ನೆರಡರ ಚೌಕಕ್ಕೆ ದೊಡ್ಡ ಗುಂಡು ಸುತ್ತಿ, ಸಾಲಿ ಶುರು ಎಂದು ಬರೆದು ಹೋಗಿದ್ದ. ಆ ದಿನ ಅಣ್ಣ ಕೊಹೀರಿನ ಹೈಸ್ಕೂಲಿನಲ್ಲಿ ಕ್ಲಾಸಿನ ಮುಂದೆ ನಿಂತು ಹಾಜರಿ ಕೂಗಬೇಕು. ಅಷ್ಟೇ ಗುರಿ. ಕೂಗಲಾಗದಿದ್ದರೆ ಕಾಗದ ಕಳಿಸಿ ಮನೆಯಲ್ಲಿ ಕೂಡಿಸುತ್ತಾರೆ, ಇನ್ನೂ ನಾಲ್ಕು ವರ್ಷದ ಸರ್ವೀಸು ಇರುವಾಗ. ಮನೆಯಲ್ಲಿ ಕೂತ ಶಿವಶಂಕರಪ್ಪ ಹೇಗಿರುತ್ತಾರೆಂದು ಮಹಾನಂದಾ ಈ ನಾಲ್ಕು ತಿಂಗಳಲ್ಲಿ ಕಣ್ತುಂಬ ನೋಡಿದ್ದಳು. ಅವರು ಮಾತಾಡಬೇಕು. ಬೇರೇನೂ ಬೇಡ, ಮಾತಾಡಿದರೆ ಸಾಕು.

ಹಿಡಿದದ್ದನ್ನು ಮುಗಿಸಿದವಳಲ್ಲ ಅವಳು. ಹದಿನಾರು ಸೋಮವಾರ ಹಿಡಿದು ಹನ್ನೊಂದಕ್ಕೆ ಬಿಟ್ಟವಳು. ಟೇಲರಿಂಗ್ ಕ್ಲಾಸಿಗೆ ಹೋಗಿ ಜಂಪರಿಗೆ ತೋಳು ಕೂಡಿಸುವ ಪಾಠ ಬರುವಷ್ಟರಲ್ಲಿ ಬಿಟ್ಟವಳು. "ನಮ್ಮ ಮಹಾನಂದಾಗ ಶುರು ಮಾಡೋದು ಗೊತ್ತದ, ಮುಗಸೋದು ಗೊತ್ತಿಲ್ಲ" ಎಂದು ಅತ್ತೆ ಸುಮಿತ್ರಾಬಾಯಿ ಬಂದವರೆದುರು ನಗುನಗುತ್ತ ಹೇಳುತ್ತಿದ್ದರು, ಹೇಳಿ ಚಹಾ ಸೊರ್ ಎಂದು ಕುಡಿಯುತ್ತಿದ್ದರು. ಅಂಥವಳು ನೂರಾ ಹನ್ನೆರಡು ದಿನ ಒಂದು ದಿನವೂ ಬಿಡದೆ ಈ ಕುರ್ಚಿಯಲ್ಲಿ ಕೂತಿದ್ದಳು. ಜ್ವರ ಬಂದಾಗಲೂ ಕೂತಿದ್ದಳು. ಅಕ್ಕನ ಮಗನ ಮದುವೆಗೆ ಹುಮನಾಬಾದಿಗೆ ಹೋಗದೆ ಕೂತಿದ್ದಳು. ಯಾರೂ ಶಭಾಷ್ ಅನ್ನಲಿಲ್ಲ, ಹೋಗಲಿ. ಗೋಡೆಯ ಮೇಲಿನ ಚೌಕಗಳನ್ನು ನೋಡಿ ತನಗೆ ತಾನೇ ಅಂದುಕೊಳ್ಳುತ್ತಿದ್ದಳು. ಈಗ ಈ ಪೆನ್ನು ಸುಡಲಿ. ಕೊನೆಗೆ ಕುಂಕುಮದ ಬಟ್ಟಲಿಗೆ ಬೆರಳಿನ ತುದಿ ಅದ್ದಿ ಆರು ಚುಕ್ಕಿ ಇಟ್ಟಳು. ಆರಕ್ಕೆ ಆರೂ ಕೆಂಪು.

ಚಿತ್ರಗಳೂ ಆರೇ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಕೊಟ್ಟವು. ಬೆಂಕಿ, ಮನೆ, ಆಕಳು, ಗಿಡ, ಕಣ್ಣು, ಕಾಲು. ಯಾವ ಭಾಷೆಯವರಿಗಾದರೂ ನಡೆಯಲೆಂದು ಕೆಳಗೆ ಒಂದಕ್ಷರವನ್ನೂ ಬರೆದಿರಲಿಲ್ಲ. "ಸಾರ್ ದಿನಾ ಯಾವ ಭಾಷೆ ಹೆಚ್ಚಿಗೆ ಮಾತಾಡ್ತಾರಮ್ಮಾ? ಅದರಲ್ಲೇ ಕೇಳಿ" ಎಂದು ಆ ಹುಡುಗಿ ತೆಲುಗಿನಲ್ಲಿ ಕೇಳಿದಾಗ ಪ್ರವೀಣಕುಮಾರ ಬಾಯಿ ತೆರೆಯುವ ಮುಂಚೆಯೇ ಮಹಾನಂದಾ "ಕನ್ನಡ" ಎಂದಿದ್ದಳು. ಅದರಲ್ಲಿ ವಿಚಾರ ಮಾಡುವುದೇನಿತ್ತು? ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ ಎಂಬುದು ಶಿವಶಂಕರಪ್ಪ ಅವರೇ ಹಾಕಿದ ಕಟ್ಟು. "ಹಗಲೆಲ್ಲ ತೆಲುಗಿನಾಗ ಲೆಕ್ಕ ಹೇಳಿ ನಾಲಿಗಿ ಸವದದ. ಮನ್ಯಾಗರ ನನ್ನ ಮಾತು ಇರಲಿ" ಎನ್ನುತ್ತಿದ್ದರು. ಹಾಗಂತ ಮನೆಯಲ್ಲಿ ಬಹಳ ಮಾತಾಡುತ್ತಿದ್ದರೇ? ಊಟಕ್ಕೆ ಹಾಕು, ಕರೆಂಟು ಹೋಯಿತೇ, ನೀರು ಬಂತೇ, ಪ್ರವೀಣ ಫೋನ್ ಮಾಡಿದ್ದನೇ. ಮಾತಿನ ಮೂಟೆಯನ್ನೆಲ್ಲ ಸಾಲೆಯಲ್ಲೇ ಬಿಚ್ಚಿ, ಖಾಲಿ ಚೀಲ ಮಡಚಿಕೊಂಡು ಮನೆಗೆ ಬರುವ ಮನುಷ್ಯ. ಡಿಸೆಂಬರಿನಲ್ಲಿ ಬೋರ್ಡಿನ ಮುಂದೆಯೇ ಬಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಒಮ್ಮೆಲೇ ಹೋದವು. ಕಾಲು ಒಂದಿಷ್ಟು ಮರಳಿದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾರೆ. ಪೂಜೆಗೆ ಎಡಗೈಯಲ್ಲಿ ಲಿಂಗ ಹಿಡಿಯುತ್ತಾರೆ. ವಿಭೂತಿ ಹಚ್ಚಲು, ಹೂವು ಏರಿಸಲು ಬಲಗೈ ಏಳುವುದಿಲ್ಲ, ಅದನ್ನು ಅವಳೇ ಹಿಡಿದೆತ್ತಿ ಮಾಡಿಸುತ್ತಾಳೆ. ಹೇಳಿದ್ದೆಲ್ಲ ತಿಳಿಯುತ್ತದೆ, ಕಣ್ಣು ನೋಡಿದರೇ ಗೊತ್ತಾಗುತ್ತದೆ. ಬಾಯಿಗೆ ಬರುವುದಿಲ್ಲ ಅಷ್ಟೇ.

ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಫೆಬ್ರವರಿಯಲ್ಲಿ ಬಂದಿತ್ತು. ಕಣ್ಣಿನ ಚಿತ್ರಕ್ಕೆ "ಕನ್" ಎಂದರು, ಕಾಲಿನ ಚಿತ್ರಕ್ಕೆ "ಕಾಲ್" ಎಂದರು. ಮಹಾನಂದಾ ಓಣಿಗೆಲ್ಲ ಸಕ್ಕರೆ ಹಂಚುವುದೊಂದು ಬಾಕಿ. ಆಮೇಲೆ ಉಳಿದ ನಾಲ್ಕು ಚಿತ್ರಕ್ಕೂ ಏನೋ ಬರತೊಡಗಿತು, ಆದರೆ ಕೇಳಿದ್ದೊಂದು, ಹೇಳುವುದೊಂದು. ಬೆಂಕಿ ತೋರಿಸಿದರೆ "ನೀ" ಎಂದು ತುಟಿ ಬಿಗಿಯುತ್ತಿದ್ದರು, ಮುಂದಿನ ಮಾತು ನುಂಗಿಕೊಂಡವರ ಹಾಗೆ. ಮನೆ ತೋರಿಸಿದರೆ "ಇಲ್ಲ". ಆಕಳು ತೋರಿಸಿದರೆ "ಅವ್ವ". ಗಿಡ ತೋರಿಸಿದರೆ "ಛೆ". ಮೊದಮೊದಲು ಅವಳಿಗೆ ನಗು ಬಂತು. ಮನೆ ಅನ್ರಿ ಅಂದರೆ ಇಲ್ಲ ಅಂತಾರಲ್ಲ, ಏನು ಹಟ. "ಇಲ್ಲ ಅಲ್ಲರಿ, ಮನಿ. ಮ-ನಿ. ನನ್ನ ಬಾಯಿ ನೋಡ್ರಿ." ಅವರು ಎಡಗೈಯಿಂದ ಮಂಚದ ಪಟ್ಟಿಗೆ ಬಡಿದು ಮತ್ತೆ "ಇಲ್ಲ" ಎನ್ನುತ್ತಿದ್ದರು. ಅವಳು ಎದ್ದು ಹೋಗಿ ಇಂಟು ಹಾಕುತ್ತಿದ್ದಳು. ದಿನಾ ಎರಡು ಹಸಿರು, ನಾಲ್ಕು ಕೆಂಪು. ಮಾರ್ಚ್ ಕಳೆಯಿತು, ಶಿವರಾತ್ರಿ ಯುಗಾದಿ ಕಳೆದವು, ಅದೇ ನಾಲ್ಕು, ಅದೇ ಸಾಲು. ನೀ. ಇಲ್ಲ. ಅವ್ವ. ಛೆ. ದಿನಾ ಅದನ್ನೇ ಕೇಳಿದರೆ ಕಿವಿ ಸುಮ್ಮನಿರುತ್ತದೆಯೇ? ಬಿಡಿಬಿಡಿಯಾಗಿದ್ದ ಮಾತುಗಳನ್ನು ಅದು ತಾನೇ ಗಂಟು ಹಾಕಿಕೊಂಡಿತು. ಒಂದು ದಿನ ಮುಸುರೆ ತಿಕ್ಕುತ್ತಿದ್ದಾಗ ಗಂಟು ಬಿಗಿಯಿತು: ನೀ ಇರಲಿಲ್ಲ, ಅವ್ವ ಹೋಗುವಾಗ. ಛೆ. ಕೈಯಲ್ಲಿದ್ದ ತಂಬಿಗೆ ಜಾರಿ ಬಚ್ಚಲ ಮೋರಿಯವರೆಗೆ ಉರುಳಿಹೋಯಿತು.

ಅತ್ತೆ ಮೂರು ವರ್ಷ ಹಾಸಿಗೆಯಲ್ಲಿದ್ದರು. ನಸುಕಿನ ನಾಲ್ಕಕ್ಕೆ ಒಮ್ಮೆ ಮಗ್ಗುಲು ಬದಲಿಸಬೇಕು, ಆರಕ್ಕೆ ಒರೆಸಬೇಕು, ಬಟ್ಟೆ ಬದಲಿಸಬೇಕು, ಗಂಜಿ ಕುಡಿಸಬೇಕು, ಹತ್ತಕ್ಕೆ ಮತ್ತೆ ಒರೆಸಬೇಕು. ಆಗ ಯಾರೂ ಕ್ಯಾಲೆಂಡರು ತಂದಿರಲಿಲ್ಲ, ಹಸಿರು ಪೆನ್ನೂ ಇರಲಿಲ್ಲ. ಹನಿಗೂಡಿದರೆ ಹಳ್ಳವೆಂದು ಆಗ ಪ್ರವೀಣಕುಮಾರನೂ ಹೇಳಲಿಲ್ಲ, ಅವನು ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡು "ಅವ್ವಾ ಹ್ಯಾಂಗಿದ್ದಿ?" ಎಂದು ಕೇಳಿ ಹೋಗುತ್ತಿದ್ದ. ಒಂಬತ್ತು ವರ್ಷದ ಹಿಂದಿನ ಮಾತು. ಒಂದು ಶ್ರಾವಣದಲ್ಲಿ, ಪಂಚಮಿಗೆಂದು, ಮೂರು ದಿನಕ್ಕೆ ಹುಮನಾಬಾದಿನ ತವರಿಗೆ ಹೋದಳು. ಮೂರನೇ ದಿನ ಇವರ ಫೋನು. "ಅವ್ವಗ ಜಾಸ್ತಿ ಆಗ್ಯದ, ಹೊಂಟು ಬಾ." ಅವಳ ಬಾಯಿಂದ ತಾನಾಗಿಯೇ ಬಂತು: "ಬಸ್ ಬಂದ್ ಅದ ರಿ. ನಾಳಿಗಿ ಬರ್ತೀನಿ." ಹಿಂದಿನ ದಿನ ಬಂದ್ ಇದ್ದದ್ದು ನಿಜ, ಆ ದಿನ ಇರಲಿಲ್ಲ. ಮನೆಯ ಮುಂದಿನ ರಸ್ತೆಯಲ್ಲೇ ಜಹೀರಾಬಾದಿನ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು, ಫೋನಿನಲ್ಲಿ ಅದು ಕೇಳಿಸಿತೋ ಏನೋ ಎಂದು ಅವಳು ಬಾಯಿಗೆ ಸೆರಗು ಹಿಡಿದಳು. ಮರುದಿನ ಮುಂಜಾನೆ ಅತ್ತೆ ಹೋದರು. ಮಣ್ಣಿಗೆ ಬಂದ ಬೀಗರು ಗುಸುಗುಸು ಅಂದಾಗ ಶಿವಶಂಕರಪ್ಪ ಎಲ್ಲರೆದುರು ದನಿ ಎತ್ತಿ ಹೇಳಿದ್ದರು: "ಬಸ್ ಬಂದ್ ಇತ್ತು. ಪಾಪ, ಆಕಿ ಏನ್ ಮಾಡ್ತಾಳ? ಮೂರು ವರ್ಷ ಮಾಡ್ಯಾಳ ಆಕಿ. ಯಾರೂ ಏನೂ ಅನ್ನಬ್ಯಾಡ್ರಿ." ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಪರವಾಗಿ ಅವರು ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ. ಆ ಮಾತಿನ ಭಾರಕ್ಕೆ ಅವಳಿಗೆ ಅಳಲೂ ಆಗಿರಲಿಲ್ಲ. ಬಸ್ಸಿನ ಸುಳ್ಳು ಎಲ್ಲಿಂದ ಗೊತ್ತಾಯಿತು ಇವರಿಗೆ? ತವರಿನ ಅಣ್ಣ ಹೇಳಿದನೇ? ಅತ್ತಿಗೆಯೇ? ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಎಲ್ಲ ಮಾತೂ ಹೋದ ಮೇಲೆ ಈ ನಾಲ್ಕನ್ನು ಮಾತ್ರ ಉಳಿಸಿಕೊಂಡು ದಿನಾ ಮುಂಜಾನೆ ಎದುರಿಗಿಡುತ್ತಿದ್ದಾರಲ್ಲ!

ಒಂಬತ್ತು ದಿನದ ಹಿಂದೆ ಅವಳಿಗೆ ತಡೆಯಲಾಗಲಿಲ್ಲ. ಮೇ ತಿಂಗಳ ಬಿಸಿಲು ಏಳಕ್ಕೇ ಸುಡುತ್ತಿತ್ತು, ಫ್ಯಾನು ನಿಂತಿತ್ತು, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ. ಅವರು "ನೀ" ಎಂದರು, "ಇಲ್ಲ" ಎಂದರು, "ಅವ್ವ" ಎಂದರು, ಅದೂ ಅವಳ ಮುಖವನ್ನೇ ನೆಟ್ಟಗೆ ನೋಡುತ್ತ, ಕೈಯಿಂದ ಮಂಚ ಬಡಿಯುತ್ತ. ಚಿತ್ರಗಳನ್ನೆಲ್ಲ ಅವರ ತೊಡೆಯ ಮೇಲೆ ಬಿಸಾಡಿ ಅವಳು ಕಿರುಚಿದಳು: "ಹೌದು, ಇರಲಿಲ್ಲ ನಾ! ಬಸ್ ಬಂದ್ ಇರಲಿಲ್ಲ, ಬೇಕಂತೇ ಬರಲಿಲ್ಲ! ಆತಾ? ಸಮಾಧಾನ ಆತಾ ನಿಮಗ? ಇನ್ನರ ಬಿಡ್ರಿ ನನ್ನ!" ಅವರ ಎಡಗೈ ಮಂಚದ ಪಟ್ಟಿಯ ಮೇಲೆ ಹಾಗೆಯೇ ನಿಂತಿತು. ಅಂದಿನಿಂದ ಅವರು ಬಾಯಿ ಬಿಡಲಿಲ್ಲ. ಕಣ್ಣಿಗೂ ಇಲ್ಲ, ಕಾಲಿಗೂ ಇಲ್ಲ. ಅವಳು ಚಿತ್ರ ಹಿಡಿಯುತ್ತಾಳೆ, ಅವರು ಕಿಟಕಿ ನೋಡುತ್ತಾರೆ, ಹತ್ತು ನಿಮಿಷ ಮುಗಿಯುತ್ತದೆ. ಆದರೂ ಅವಳು ತಪ್ಪಿಸಿಲ್ಲ. ಆರು ಕೆಂಪು, ಆರು ಕೆಂಪು, ಆರು ಕೆಂಪು. ಪೆನ್ನಾದರೂ ಎಷ್ಟೆಂದು ತಡೆದೀತು?

ಹತ್ತಕ್ಕೆ ಪ್ರವೀಣಕುಮಾರನ ಫೋನು ಬಂತು. ಹಿಂದೆ ಹುಡುಗರ ಗಲಾಟೆ.

"ವೈನಿ, ಇವತ್ತಿಂದು ಆತಾ?"

"ಆತು."

"ಚೈನ್ ತುಂಡಾಗಿಲ್ಲ ಅಲಾ? ಅದೇ ಮುಖ್ಯ. ರಿಜಲ್ಟ್ ನೋಡಬ್ಯಾಡ್ರಿ, ಚಟ ನೋಡ್ರಿ."

"ನಿಮ್ಮಣ್ಣ ಒಂಬತ್ತು ದಿನದಿಂದ ತುಟಿ ಬಿಚ್ಚಿಲ್ಲ, ಪ್ರವೀಣ."

"ಅದು ಪಠಾರ ಅಂತಾರ ವೈನಿ. ಮೆಟ್ಟಲಾ ಹತ್ತೋದಕ್ಕಿಂತ ಮೊದಲ ಒಂದ್ ಸಪಾಟ ಜಾಗ ಬರ್ತದ..."

"ನೀ ಬಂದು ಒಂದಿನ ಕೂಡು. ಹತ್ತೇ ನಿಮಿಷ. ಆಮ್ಯಾಲ ಪಠಾರ ಹೇಳುವಿಯಂತೆ" ಎಂದು ಫೋನು ಇಟ್ಟಳು. ಇಟ್ಟ ಮೇಲೆ ನಾಚಿಕೆಯಾಯಿತು. ಪಾಪ, ಅವನಾದರೂ ಕೇಳುತ್ತಾನೆ, ಬೇರೆ ಯಾರು ಕೇಳುತ್ತಾರೆ? ಕೇಳುವವರ ಮೇಲೆಯೇ ರೇಗುವುದು ಅವಳ ಹಣೆಬರಹ.

ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಕಿಷ್ಟಪ್ಪ ನಿಂತಿದ್ದ. ಕೊಹೀರಿನ ಅದೇ ಸಾಲೆಯಲ್ಲಿ ತೆಲುಗು ಕಲಿಸುವ ಮಾಸ್ತರ, ಶಿವಶಂಕರಪ್ಪ ಅವರ ಜೊತೆ ಹನ್ನೆರಡು ವರ್ಷ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚಿದವನು. ರಜೆಗೆ ತಾಂಡೂರಿನ ತನ್ನ ಊರಿಗೆ ಹೋಗಿದ್ದ. ಈಗ ನಾರಾಯಣಖೇಡದಲ್ಲಿ ಸೋದರ ಸೊಸೆಯ ಮದುವೆಗೆ ಹೊರಟವನು ದಾರಿಯಲ್ಲಿ ಇಳಿದಿದ್ದ. ಕೈಯಲ್ಲಿ ತೊಗರಿಬೇಳೆಯ ಚೀಲ, ಅಂಗಿಯ ಬೆನ್ನು ಪೂರ್ತಿ ಒದ್ದೆ. "ಮಾ ತಾಂಡೂರು ಬ್ಯಾಳಿ, ವದಿನಾ. ಇದರ ಪಪ್ಪು ತಿಂದರ ಸಾರ್ ಎದ್ದು ಓಡ್ತಾರ" ಎಂದ. ಗಡಿಯ ಮನುಷ್ಯ, ಅವನಿಗೆ ಕನ್ನಡವೂ ಬರುತ್ತದೆ, ಆದರೆ ಎಲ್ಲವೂ ತೆಲುಗಿನ ಒಗ್ಗರಣೆಯಲ್ಲೇ, ವೈನಿಗೆ ವದಿನಾ, ತೊವ್ವೆಗೆ ಪಪ್ಪು. ಮಹಾನಂದಾಗೆ ಯಾರ ಮುಖವೂ ಬೇಡವಾಗಿತ್ತು. ಊಟಕ್ಕೆ ನಿಲ್ಲುತ್ತಾನೋ ಹೇಗೆ, ಹಿಟ್ಟು ಎರಡೇ ರೊಟ್ಟಿಗಾಗುವಷ್ಟಿದೆ. ಬನ್ನಿ ಎಂದಳು, ನೀರು ಕೊಟ್ಟಳು, ಚಹಾಕ್ಕಿಡಲು ಒಳಗೆ ಹೋದಳು. ಹೊರಗೆ ಅವನ ತೆಲುಗು ಶುರುವಾಯಿತು. ಏಂ ಸಾರ್, ಬಾಗುನ್ನಾರಾ. ಹೆಡ್‌ಮಾಸ್ಟರ ಸುದ್ದಿ, ಹತ್ತನೇ ಕ್ಲಾಸಿನ ರಿಜಲ್ಟಿನ ಸುದ್ದಿ. ಈ ಮನೆಯ ಕಟ್ಟು ಗೊತ್ತಿದ್ದೂ ಗೊತ್ತಿದ್ದೂ, ಹೊಸಿಲೊಳಗೆ ಕೂತು ಗಳಗಳ ತೆಲುಗು. ಮಾತಿಲ್ಲದ ಮನುಷ್ಯನೆದುರು ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದಲ್ಲ ಎಂದು ಸಕ್ಕರೆ ಡಬ್ಬಿಯ ಮುಚ್ಚಳ ಕುಕ್ಕಿದಳು.

"ಇದೇಂಟಿ ಸಾರ್?" ಎಂದು ಅವನು ಕೇಳುವುದು ಕೇಳಿಸಿತು. ಇದೇನು ಸಾರ್ ಅಂತ. ಚಿತ್ರಗಳನ್ನು ಎತ್ತಿಕೊಂಡಿದ್ದಾನೆ, ಇವನೊಬ್ಬ ಬಾಕಿ ಇದ್ದ. ಹೇಳುವುದಿಲ್ಲ ಬಿಡು, ಒಂಬತ್ತು ದಿನ ನನಗೇ ಹೇಳಿಲ್ಲ.

"ಇಲ್ಲ್" ಎಂದಿತು ಶಿವಶಂಕರಪ್ಪ ಅವರ ದನಿ.

"ಹಾಂ, ಇಲ್ಲು! ಶಭಾಷ್! ಇದೇಂಟಿ?"

"ಆವ್."

"ಆವು! ಕರೆಕ್ಟ್ ಸಾರ್! ಇದಿ?"

ಇಕ್ಕಳದಲ್ಲಿ ಹಿಡಿದ ಪಾತ್ರೆ ಹಾಗೆಯೇ ಕೈಯಲ್ಲಿ. ಇಲ್ಲು. ತೆಲುಗಿನಲ್ಲಿ ಮನೆ. ಆವು, ಆಕಳು. ಅವಳಿಗೆ ಗೊತ್ತಿರದ ಮಾತುಗಳಲ್ಲ. ಇಪ್ಪತ್ತೆಂಟು ವರ್ಷ ಜಹೀರಾಬಾದಿನ ಬಜಾರಿನಲ್ಲಿ ತೆಲುಗಿನಲ್ಲೇ ಬದನೆಕಾಯಿ ಚೌಕಾಸಿ ಮಾಡಿದವಳು. ಹಾಲಿನವಳು ದಿನಾ ಬಾಗಿಲಲ್ಲಿ ನಿಂತು ತನ್ನ ಆವಿನ ಕಥೆ ಹೇಳುತ್ತಾಳೆ. ಗೊತ್ತಿತ್ತು. ಹೊರಗೆ ಕಿಷ್ಟಪ್ಪ ಬೆಂಕಿಯ ಚಿತ್ರ ಹಿಡಿದಿರಬೇಕು. "ನಿಪ್" ಎಂದು ಬಂತು, ತುಟಿ ಬಿಗಿದ ಸದ್ದು, ಆಮೇಲೆ ಕಿಷ್ಟಪ್ಪನ "ನಿಪ್ಪು! ವಾಹ್!" ಗಿಡಕ್ಕೆ "ಚೆಟ್". ಚೆಟ್ಟು. ಛೆ ಅಲ್ಲ, ಚೆಟ್ಟು. ಕಣ್ಣು, ಕಾಲು ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ. ಆ ಎರಡಕ್ಕೆ ಮಾತ್ರ ಹಸಿರು ಬಿದ್ದದ್ದು ಅದಕ್ಕೇ. ಉಳಿದವಕ್ಕೆ ಮುನ್ನೂರಕ್ಕೂ ಮಿಕ್ಕಿ ಇಂಟು ಹಾಕಿದ್ದಳು, ಒಂದು ದಿನವೂ ತಪ್ಪದೆ, ಎಂಥ ನೇಮ! ಸರಿ ಹೇಳಿದವನ ಕೈಗೆ ದಿನಾ ಬೆಳಿಗ್ಗೆ ಕೋಲಿನ ಏಟು ಹಾಕುವ ಮಾಸ್ತರರ ನೇಮ. ಹೆಚ್ಚಿಗೆ ಯಾವ ಭಾಷೆ ಮಾತಾಡುತ್ತಾರೆ ಎಂದು ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು. ಸಾಲೆಯಲ್ಲಿ ಎಂಟು ತಾಸು ತೆಲುಗು ಮಾತಾಡುವ ಮನುಷ್ಯ ತನ್ನೊಂದಿಗೆ ದಿನಕ್ಕೆ ಇಪ್ಪತ್ತು ಮಾತು ಆಡುತ್ತಿದ್ದರು ಎಂದು ಒಬ್ಬ ಪರಕೀಯ ಹುಡುಗಿಯೆದುರು ಯಾವ ಹೆಂಡತಿ ಒಪ್ಪಿಕೊಂಡಾಳು?

ಚಹಾ ತಂದಾಗ ಕಿಷ್ಟಪ್ಪನ ಕಣ್ಣಲ್ಲಿ ನೀರಿತ್ತು. "ವದಿನಾ, ನಿಮ್ಮ ಕಾಲಿಗಿ ಬೀಳಬೇಕು. ನಾಲ್ಕು ತಿಂಗಳಾಗ ಇಷ್ಟು ತಯಾರ್ ಮಾಡೀರಲ್ಲಾ! ದಿನಾ ತೆಲುಗಿನಾಗ ಕೂತು ಹೇಳಿಕೊಟ್ಟೀರಿ ಅಲಾ? ನಾವು ಸ್ಟಾಫೆಲ್ಲ ಆಸೆ ಬಿಟ್ಟಿದ್ದಿವಿ."

"ಹ್ಞೂಂ" ಎಂದಳು. ಶಿವಶಂಕರಪ್ಪ ಅವಳನ್ನು ನೋಡಿದರು.

"ಮತ್ತ ಗ್ವಾಡಿ ಮ್ಯಾಲ ಅದೇನು ಅಷ್ಟು ಇಂಟು?"

"ಅದು... ಅದು ಬ್ಯಾರೆ ಲೆಕ್ಕ, ಅಣ್ಣಾ."

ಬಸ್ಸಿನ ಹೊತ್ತಾಯಿತೆಂದು ಅವನು ಊಟಕ್ಕೆ ನಿಲ್ಲದೆ ಎದ್ದ. "ಜೂನಿಗೆ ಹಾಜರಿ ಗ್ಯಾರಂಟಿ. ಮೊದಲ ಒಂದೊಂದು ಹೆಸರು ಕಲಸ್ರಿ, ಆಮ್ಯಾಲ ಪೂರಾ ಮಾತು ತಾನೇ ಬರ್ತದ" ಎಂದು ಚಪ್ಪಲಿ ಮೆಟ್ಟಿಕೊಂಡ. ಪೂರಾ ಮಾತು. ಅವನು ಓಣಿಯ ತಿರುವು ದಾಟಿದ ಮೇಲೂ ಆ ಮಾತು ಬಾಗಿಲಲ್ಲೇ ನಿಂತಿತ್ತು. ಮಹಾನಂದಾ ಹೊಸಿಲ ಮೇಲೆ ಕೂತಳು. ಅಲ್ಲಿಯವರೆಗೂ ಇಂಟುಗಳ ನಾಚಿಕೆಯಲ್ಲೇ ಮುಳುಗಿದ್ದವಳಿಗೆ ಆಗ ಹೊಳೆಯಿತು. ಅವರು ಏನೂ ಕೇಳಿರಲಿಲ್ಲ. ಬೆಂಕಿಗೆ ಬೆಂಕಿ ಎಂದಿದ್ದರು, ಮನೆಗೆ ಮನೆ ಎಂದಿದ್ದರು, ಆಕಳಿಗೆ ಆಕಳು ಎಂದಿದ್ದರು. ಅಣ್ಣ ಹೇಳಿರಲಿಲ್ಲ, ಅತ್ತಿಗೆ ಹೇಳಿರಲಿಲ್ಲ, ಒಂಬತ್ತು ವರ್ಷ ಅವರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಬಸ್ ಬಂದ್ ಇತ್ತು ಎಂದೇ ನಂಬಿದ್ದರು. ಕೇಳದವರಿಗೆ ಕರೆದು ಉತ್ತರ ಕೊಟ್ಟವಳು ಅವಳು. ಅಯ್ಯೋ ನನ ಶಿವನೇ, ಯಾಕೆ ಬೇಕಿತ್ತು ಈ ಬಾಯಿ, ಹೋದದ್ದು ಅವರ ಬಾಯಿಯ ಬದಲು ನನ್ನದಾಗಬಾರದಿತ್ತೇ ಎಂದು ಹಣೆ ಚಚ್ಚಿಕೊಂಡಳು.

ಮಧ್ಯಾಹ್ನ ಉಣಿಸುವಾಗ ಮುಖ ನೋಡಲಿಲ್ಲ. ಸಂಜೆ ಕಾಲಿಗೆ ಎಣ್ಣೆ ತಿಕ್ಕುವಾಗಲೂ ನೋಡಲಿಲ್ಲ. ತಲೆ ಮಾತ್ರ ಒಂದೇ ಸಮನೆ ಓಡುತ್ತಿತ್ತು, ಬೇಡಬೇಡವೆಂದರೂ. ತೆಲುಗಿನಲ್ಲಿ ಕೇಳಿದರೆ ಮಾತು ಬರುತ್ತದೆ. ಮಾತು ಬಂದರೆ ಮೊದಲ ಪೂರಾ ಮಾತು ಯಾರಿಗೆ? ಹಾಜರಿಯ ಹುಡುಗರಿಗಲ್ಲ, ತನಗೇ. ಏನನ್ನುತ್ತಾರೆ? ನನ್ನವ್ವ ನಿನ್ನ ಹೆಸರು ಕರೀತಿದ್ದಳು ಅನ್ನುತ್ತಾರೆಯೇ? ಬೀಗರೆಲ್ಲರೆದುರು ನನ್ನ ಮರ್ಯಾದೆ ಅಡ ಇಟ್ಟು ನಿನ್ನ ಪರ ನಿಂತೆ ಅನ್ನುತ್ತಾರೆಯೇ? ನಾಲ್ಕು ತಿಂಗಳಿಂದ ಯಾವ ಮಾತಿಗಾಗಿ ದೇವರ ಮುಂದೆ ಹಣೆ ಸವೆಸಿದ್ದಳೋ ಅದೇ ಮಾತಿಗೆ ಈಗ ಹೆದರುತ್ತಿದ್ದಳು. ಕನ್ನಡದಲ್ಲೇ ಮುಂದುವರಿಸಿದರೆ ಯಾರು ಕೇಳುತ್ತಾರೆ? ಕಿಷ್ಟಪ್ಪ ಮದುವೆಯಿಂದ ತಾಂಡೂರಿಗೆ ಹೋದರೆ ಜೂನಿನವರೆಗೆ ಇತ್ತ ಬರುವುದಿಲ್ಲ. ಪ್ರವೀಣಕುಮಾರನಿಗೆ ಚೌಕ ತುಂಬಿದರೆ ಸಾಕು. ದಿನಾ ಹತ್ತು ನಿಮಿಷ ಕೂಡಬಹುದು, ಮ-ನಿ, ಮ-ನಿ ಅನ್ನಬಹುದು, ನೇಮ ತಪ್ಪುವುದಿಲ್ಲ, ಮಾತೂ ಬರುವುದಿಲ್ಲ. ಹೀಗೂ ವಿಚಾರ ಮಾಡುವ ಹೆಂಗಸು ತಾನು ಎಂದು ಗೊತ್ತಾಗಿ ಎಣ್ಣೆಯ ಬಟ್ಟಲನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಒರೆಸುವುದೂ ತಾನೇ.

ಮರುದಿನ ಮುಂಜಾನೆ ಸ್ನಾನ ಮಾಡಿಸಿದಳು. ಹಣೆಗೆ ವಿಭೂತಿ ಹಚ್ಚಿದಳು, ಬಲಗೈ ಹಿಡಿದೆತ್ತಿ ಅಂಗೈಯ ಲಿಂಗದ ಮೇಲೆ ಮಲ್ಲಿಗೆ ಏರಿಸಿದಳು, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿದಳು. ಆಮೇಲೆ ಕಾಲುಗಳು ಯಾರನ್ನೂ ಕೇಳದೆ ಕುರ್ಚಿಯ ಕಡೆಗೇ ಹೋದವು. ಪ್ರವೀಣ ಹೇಳಿದ್ದು ಅದೊಂದು ಸುಳ್ಳಲ್ಲ: ಚಟಕ್ಕೆ ಗಂಟು ಬಿದ್ದಿತ್ತು, ಕೂಡದೆ ಇರಲು ಅವಳಿಗೆ ಬರುತ್ತಿರಲಿಲ್ಲ. ಬೆಂಕಿಯ ಚಿತ್ರ ಎತ್ತಿ ಹಿಡಿದಳು.

"ಇದೇಂಟಿ... ರಿ?"

ಬಜಾರಿನ ತೆಲುಗು, ಅದಕ್ಕೆ ಮನೆಯ ರಿ ಅಂಟಿಕೊಂಡಿತ್ತು. ಕಿಟಕಿ ನೋಡುತ್ತಿದ್ದ ಶಿವಶಂಕರಪ್ಪ ತಲೆ ತಿರುಗಿಸಿದರು. ಅವಳನ್ನೇ ನೋಡಿದರು. ಅವಳು ಚಿತ್ರ ಇಳಿಸಲಿಲ್ಲ.

"ನಿಪ್... ಪು" ಎಂದರು.

ಮನೆ ಎತ್ತಿದಳು, ಇಲ್ಲು ಬಂತು. ಆಕಳು ಎತ್ತಿದಳು, ಗಿಡ ಎತ್ತಿದಳು, ಕಣ್ಣು, ಕಾಲು ಎತ್ತಿದಳು. ಪ್ರತಿ ಮಾತಿಗೂ ಬೆವರು ಸುರಿಸಿ, ಎಡಗೈಯಿಂದ ಪಟ್ಟಿ ಹಿಡಿದು, ಕೊನೆಯ ಅಕ್ಷರದವರೆಗೂ ಎಳೆದು ತಂದರು. ಅವಳೂ ಕೊನೆಯ ಅಕ್ಷರದವರೆಗೆ ಕಾದಳು. ಎದ್ದು ಹೋಗಿ ಹಸಿರು ಪೆನ್ನಿನಿಂದ ಆರು ಗೆರೆ ಎಳೆದಳು. ಅಷ್ಟಾಗಿ ಸವೆಯದ ಪೆನ್ನು, ದಪ್ಪಗೆ ಬರೆಯಿತು. ಹತ್ತು ನಿಮಿಷ ಆಗಿತ್ತು. ಬಚಾವಾದೆ ಎನ್ನಿಸಿತು. "ಚಹಾ ತರ್ತೀನಿ" ಎಂದು ಹೊರಟವಳ ಸೆರಗು ಹಿಡಿದು ನಿಲ್ಲಿಸಿದರು.

"ಚೆ..." ಎಂದರು.

ಛೆ ಅಲ್ಲ. ಇನ್ನು ಅವಳು ಮೋಸ ಹೋಗುವವಳಲ್ಲ, ಕಾದಳು. ತುಟಿ ಕೂಡಿದವು, ಬಿಚ್ಚಿದವು.

"ಚೆಪ್... ಪು."

ಆರು ಚಿತ್ರಗಳಲ್ಲಿ ಇಲ್ಲದ ಮಾತು. ಯಾರೂ ಕೇಳದೆ ಬಂದ ಮೊದಲ ಮಾತು. ಚೆಪ್ಪು ಎಂದರೆ ತೆಲುಗಿನಲ್ಲಿ ಚಪ್ಪಲಿ. ಹೇಳು ಎಂಬುದಕ್ಕೂ ಅದೇ ಮಾತು. ಮಹಾನಂದಾ ಬಾಗಿಲಿಗೆ ಹೋದಳು. ಡಿಸೆಂಬರಿನಿಂದ ಮೂಲೆಯಲ್ಲಿ ಬಿದ್ದಿದ್ದ ಅವರ ಚಪ್ಪಲಿ ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದಳು. ತಂದು ಅವರ ಕಾಲ ಬಳಿ ಜೋಡಿಸಿಟ್ಟಳು. "ಹೊರಗ ಹೋಗಬೇಕೇನ್ರಿ? ಬಿಸಲು ಏರ್ಯಾದ. ಸಂಜಿಕ ಹೋಗಮು" ಎಂದು ಬಡಬಡ ಅಂದಳು, ಬಗ್ಗಿ ಎಡಗಾಲಿಗೆ ತೊಡಿಸಲು ಹೋದಳು. ಅವರು ಆ ಕಾಲಿನಿಂದಲೇ ಚಪ್ಪಲಿಯನ್ನು ಮೆಲ್ಲಗೆ ಆಚೆ ಸರಿಸಿದರು.

"ಚೆಪ್ಪು" ಎಂದರು. ಈ ಸಲ ಒಂದೇ ಬಾರಿಗೆ ಬಂತು. ಬೋರ್ಡಿನ ಹತ್ತಿರ ಬಂದು ಮೂಕನಾಗಿ ನಿಂತ ಹುಡುಗನಿಗೆ ಇಪ್ಪತ್ತೊಂಬತ್ತು ವರ್ಷ ಹೇಳಿದ ಹಾಗೆ, ಸಿಟ್ಟಿಲ್ಲದೆ, ಬಿಡದೆ.

ಅವಳಿಗೆ ತಿಳಿದಿತ್ತು. ಬಾಗಿಲಿಗೆ ಹೋಗುವಾಗಲೂ ತಿಳಿದೇ ಇತ್ತು. ನೆಲದ ಮೇಲೆ ಕೂತಳು.

"ಬಸ್ ಬಂದ್ ಇರಲಿಲ್ಲರಿ."

ಅದು ಅವರಿಗೆ ಆಗಲೇ ಗೊತ್ತಿತ್ತು. ಅರ್ಧ ಲೆಕ್ಕ ಹೇಳಿ ನಿಂತವರ ಮುಂದೆ ಕಾಯುವಂತೆ ಕಾದರು.

"ಚೆಪ್ಪು."

"ನಿದ್ದಿ ಬೇಕಾಗಿತ್ತುರಿ ನನಗ" ಎಂದಳು. "ಮೂರು ವರ್ಷದಾಗ ಮೊದಲನೇ ಸಲ ಅವತ್ತು ಬಿಸಲು ಏರೋ ತನಕಾ ಮಕ್ಕೊಂಡಿದ್ದೆ. ನಿಮ್ಮ ಫೋನ್ ಬಂತು. ಇನ್ನೊಂದಿನ ಮಕ್ಕೋಬೇಕು ಅನಸ್ತು. ಬ್ಯಾರೆ ಏನೂ ಇರಲಿಲ್ಲರಿ. ನಿಮ್ಮವ್ವ ಹೋಗೋ ಹೊತ್ತಿಗಿ ನಾ ಮಕ್ಕೊಂಡಿದ್ದೆ, ಛಲೋ ನಿದ್ದಿ ಬಂದಿತ್ತು."